ಮೇಟಿಗೆ ಕಟ್ಟಿದ ಡ್ಯಾನ್ಸ್ ಮಾಸ್ಟರ್

ಆಗ ನನಗೆ ಇಪ್ಪತ್ತಮೂರು ವರ್ಷ. ಇದು ನಡೆದು ನಲವತ್ತು ವರ್ಷದ ಮೇಲಾಯಿತು. ಕೂತ ಗಂಡನನ್ನು ಎಬ್ಬಿಸುವುದು ಹೇಗೆ ಎಂದು ಊರಿನ ಹೆಂಗಸರೆಲ್ಲ ಒದ್ದಾಡುತ್ತಿದ್ದರೆ, ನಿಂತಲ್ಲಿ ನಿಲ್ಲದ ಗಂಡನನ್ನು ನಿಲ್ಲಿಸುವುದು ಹೇಗೆ ಎನ್ನುವುದು ನನ್ನೊಬ್ಬಳ ಕಷ್ಟ. ನನ್ನ ಗಂಡ ಚಲಪತಿ ಬೀದಿಯಲ್ಲಿ ಕುಣಿಯುವವನು. ನನ್ನ ತಾಯಿಯ ತಮ್ಮನೇ ಅವನು. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ವಾಡಿಕೆ. ಹಾಗಾಗಿ ಮದುವೆಯಾದ ಮೇಲೂ ಗಂಡನನ್ನು ಮಾವ ಎಂದೂ, ಅವನ ಅಪ್ಪನನ್ನು ತಾತ ಎಂದೂ ಕರೆದೇ ರೂಢಿ. ಇದರಲ್ಲಿ ಒಂದು ಅನುಕೂಲ, ಯಾರ ಹೆದರಿಕೆಯೂ ಇರುವುದಿಲ್ಲ. ಆದರೆ ಗಂಡು ಹೀಗೆ ಎಂದು ಮೊದಲೇ ಗೊತ್ತಿರಲಿಲ್ಲ ಎಂದು ಯಾರ ಮೇಲೂ ದೂರು ಹೇಳುವ ಹಾಗಿಲ್ಲ.

ವಕ್ಕಲೇರಿಯಿಂದ ತಾಯಲೂರಿನವರೆಗೆ ಎಲ್ಲಿ ತಮಟೆ ಕೇಳಿದರೂ ಅದರ ಮುಂದೆ ಚಲಪತಿ. ಮದುವೆ ಮೆರವಣಿಗೆ, ಗಣೇಶನನ್ನು ಕೆರೆಗೆ ಬಿಡುವುದು, ಎಲೆಕ್ಷನ್ನು ಗೆದ್ದವರು, ಕೊನೆಗೆ ಹೆಣ, ಒಂದನ್ನೂ ಬಿಟ್ಟವನಲ್ಲ. ಹೋಳೂರಿನಲ್ಲಿ ಒಬ್ಬ ಮುದುಕ ಸತ್ತಾಗ ಇವನ ಕುಣಿತ ನೋಡಿ ಹೆಣ ಒಂದನ್ನು ಬಿಟ್ಟು ಮಿಕ್ಕವರೆಲ್ಲ ಕುಣಿದರು. ಅವನ ಹಿಂದೆ ನಮ್ಮೂರಿನ ನಾಲ್ಕು ಜನರ ಒಂದು ಸೆಟ್ಟು. ಅವರಿಗೆ ಹೆಜ್ಜೆ ಕಟ್ಟಿ ಕಲಿಸುತ್ತಿದ್ದವನೂ ಇವನೇ. 'ಕಳೆ ಕೀಳ್ರೋ' ಎಂದರೆ ಬಗ್ಗಬೇಕು. 'ಹುಳಕ್ಕೆ ಸೊಪ್ಪು ಹಾಕ್ರೋ' ಎಂದರೆ ಎರಡೂ ಕೈ ಚೆಲ್ಲಬೇಕು. 'ಗಿಣಿ ಓಡಿಸ್ರೋ' ಎಂದರೆ ಎಗರಬೇಕು. ಹೊಲದಲ್ಲಿ ಇದರಲ್ಲಿ ಒಂದು ಕೆಲಸವನ್ನೂ ಅವನು ಮಾಡಿದ್ದನ್ನು ನಾನು ಕಂಡಿಲ್ಲ. ರೇಷ್ಮೆ ಹುಳುವಿನ ತಟ್ಟೆ ಹಿಡಿದುಕೋ ಎಂದರೆ, ಹಿಡಿದುಕೊಂಡೇ ಹೆಜ್ಜೆ ಹಾಕಿ ಅರ್ಧ ಹುಳು ನೆಲಕ್ಕೆ ಕೆಡವುತ್ತಿದ್ದ.

ಹೀಗಿರುವಾಗ ಬೆಂಗಳೂರಿನ ಆರ್ಕೆಸ್ಟ್ರಾದ ಯಜಮಾನರೊಬ್ಬರು ಕೋಲಾರದ ಒಂದು ಮದುವೆಯಲ್ಲಿ ಇವನನ್ನು ನೋಡಿದರು. ನೆರಳಲ್ಲೂ ಕಪ್ಪು ಕನ್ನಡಕ ತೆಗೆಯದ ಮನುಷ್ಯ. "ಏಮಯ್ಯಾ, ನಮ್ಮ ಪಾರ್ಟಿಗೆ ಡ್ಯಾನ್ಸ್ ಮಾಸ್ಟರ್ ಬೇಕು. ಮಾಲೂರಲ್ಲಿ ಪ್ರೋಗ್ರಾಮಿದೆ, ಸ್ಟೇಜ್ ಮೇಲೆ ಮಾಡಿ ತೋರ್ಸು" ಎಂದರು. ಚಲಪತಿ ಹತ್ತಿದ. ಹತ್ತಿದ್ದು ಸರಿ, ಇಳಿದ ರೀತಿ ಸರಿಯಿರಲಿಲ್ಲ. ಮೆರವಣಿಗೆಯಲ್ಲಿ ಕುಣಿಯುವವನು ಕುಣಿಯುತ್ತಲೇ ಮುಂದೆ ಹೋಗುತ್ತಿರಬೇಕು. ನಿಂತರೆ ಹಿಂದಿನ ಜೀಪು ಬಂದು ಬೆನ್ನಿಗೆ ತಾಗುತ್ತದೆ. ಹತ್ತು ವರ್ಷ ಹಾಗೆ ಕುಣಿದ ಕಾಲಿಗೆ ಸ್ಟೇಜಿಗೆ ಅಂಚು ಎಂಬುದೊಂದು ಇರುತ್ತದೆ ಎಂದು ಹೇಳಿದವರು ಯಾರು? ಹಾಡು ಶುರುವಾಯಿತು, ಇವನು ಕಳೆ ಕೀಳುತ್ತಾ ಗಿಣಿ ಓಡಿಸುತ್ತಾ ಮುಂದೆ ಹೋದ, ಅಂಚು ಬಂತು, ಮುಂದಿನ ಸಾಲಿನಲ್ಲಿ ಕೂತಿದ್ದ ದಪ್ಪ ಮನುಷ್ಯರೊಬ್ಬರ ಮಡಿಲಿಗೆ ಹೋಗಿ ಬಿದ್ದ. ಹಿಂದಿದ್ದ ನಾಲ್ವರು, ಮಾಸ್ಟರು ಹೊಸ ಹೆಜ್ಜೆ ಹಾಕಿದ ಎಂದುಕೊಂಡು, ಒಬ್ಬರಾದ ಮೇಲೊಬ್ಬರು ಹಾರಿದರು.

ಯಜಮಾನರು ಇನ್ನೊಂದೇ ಅವಕಾಶ ಕೊಟ್ಟರು, ಮುಳಬಾಗಿಲಿನಲ್ಲಿ. ಮನೆಯಲ್ಲಿ ತಾತನೂ ಅಷ್ಟೇ ಕೊಟ್ಟ. "ಈ ಸಲ ಬಿದ್ದು ಬಂದ್ರೆ ನಿನ್ ಕಾಲಿನ ಗೆಜ್ಜೆ ಬಿಚ್ಚಿ ಎತ್ತಿನ ಕೊರಳಿಗೆ ಕಟ್ತೀನಿ ಕಣೋ. ಆಮೇಲೆ ತಮಟೆ ಕೇಳಿದ್ರೂ ಹೊಲ ಬಿಟ್ಟು ಕದಲಂಗಿಲ್ಲ" ಎಂದ. ತಾತ ಆಡಿದ್ದನ್ನು ಮಾಡುವವನು. ಚಲಪತಿ ಮಾವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಇವನು ಹಗಲೆಲ್ಲ ಮನೆಯಲ್ಲೇ ಉಳಿದರೆ ಹುಳುಗಳ ಗತಿಯೇನು ಎಂದು ನನಗೂ ಚಿಂತೆ ಹತ್ತಿತು.

ಸಂಕ್ರಾಂತಿ ಹತ್ತಿರವಿತ್ತು. ಕಣ ಸಾರಿಸಿ ನಡುವೆ ಮೇಟಿ ಕಂಬ ನೆಟ್ಟಾಗಿತ್ತು. ಎತ್ತುಗಳನ್ನು ಅದಕ್ಕೆ ಕಟ್ಟಿ ಸುತ್ತಿಸಿ ರಾಗಿ ತುಳಿಸುವುದೊಂದೇ ಬಾಕಿ. ಅದನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ಎತ್ತಿನ ಹಗ್ಗ ತಂದು ಒಂದು ತುದಿ ಮೇಟಿಗೆ, ಇನ್ನೊಂದು ತುದಿ ಗಂಡನ ಸೊಂಟಕ್ಕೆ ಕಟ್ಟಿದೆ.

"ಏನೇ ಇದು? ನಾನೇನು ಹೋರಿನಾ?" ಎಂದ.

"ಹೋರಿಗೆ ಬುದ್ಧಿ ಐತೆ ಮಾವ. ನೀನು ಕುಣಿ" ಎಂದೆ.

ಸೆಟ್ಟಿನವನೊಬ್ಬ ತಗಡಿನ ಡಬ್ಬ ಬಡಿದ. ಮಾವ ಮುಂದೆ ನುಗ್ಗಿದ, ಹಗ್ಗ ಬಿಗಿಯಿತು, 'ಹಕ್' ಎಂದು ನಿಂತ. ಮತ್ತೆ ನುಗ್ಗಿದ, ಮತ್ತೆ ಹಕ್. ಮಾರನೆಯ ದಿನದ ಹೊತ್ತಿಗೆ ಮುಂದೆ ಹೋಗುವ ಕಾಲು ತಾನೇ ಪಕ್ಕಕ್ಕೆ ತಿರುಗಿ ಮೇಟಿಯ ಸುತ್ತ ಸುತ್ತತೊಡಗಿತು. ಏನು ಚಂದ ಎನ್ನುತ್ತೀರಿ! ಊರೆಲ್ಲ ಬಂದು ಕಣದ ಸುತ್ತ ಕೂತಿತು. ಮೂಲೆಯಲ್ಲಿ ನಿಂತ ಎತ್ತುಗಳು ತಮ್ಮ ಕೆಲಸ ತಪ್ಪಿತು ಎಂದು ಮೆಲುಕು ಹಾಕುತ್ತಾ ನೋಡುತ್ತಿದ್ದವು. ತಾತ ಮಾತ್ರ, "ಲೇ ರತ್ನಿ, ಕಣ ಇರೋದು ರಾಗಿ ತುಳ್ಸಾಕಾ, ಗಂಡನ್ನ ತುಳ್ಸಾಕಾ?" ಎಂದು ಕೂಗಾಡಿದ.

ಮುಳಬಾಗಿಲಿಗೆ ಹೋದೆವು. ಹಗ್ಗವಿಲ್ಲದೆ ಕಾಲು ತನ್ನ ಮಾತು ಕೇಳುವುದಿಲ್ಲ ಎಂದು ಮಾವ ಹಟ ಹಿಡಿದಿದ್ದರಿಂದ, ಮಿಂಚಿನ ಅಂಗಿಯ ಕೆಳಗೆ ಸೊಂಟಕ್ಕೆ ಹಗ್ಗ ಕಟ್ಟಿಯೇ ಇತ್ತು. ಇನ್ನೊಂದು ತುದಿಯನ್ನು ಸ್ಟೇಜಿನ ಕಂಬಕ್ಕೆ ಕಟ್ಟಲು ಹೋದರೆ ಶಾಮಿಯಾನದವನು ಓಡಿ ಬಂದ. "ಯಾವೋಳಮ್ಮ ನೀನು? ಆ ಕಂಬ ಎಳದ್ರೆ ಎಲ್ಲಾರ್ ತಲೆ ಮೇಲೂ ಬೀಳ್ತದೆ!" ಅಷ್ಟರಲ್ಲಿ ಮೈಕಿನಲ್ಲಿ ಹೆಸರು ಕೂಗಿದರು. ಮಾವನ ಮುಖ ಹಿಟ್ಟು ಮೆತ್ತಿದ ಹಾಗಾಯಿತು. "ಮೇಟಿ ಇಲ್ವಲ್ಲೇ, ಏನ್ ಮಾಡ್ಲಿ?" ಎಂದ.

"ನಾನೇ ಹಿಡ್ಕೋತೀನಿ, ನಡಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಸ್ಟೇಜಿನ ನಡುವೆ ಹೋಗಿ ಹಗ್ಗ ಹಿಡಿದು ನಿಂತೆ. ನಾನು ಕುಣಿಯಲಿಲ್ಲ, ನಗಲಿಲ್ಲ. ಕಂಬ ನಗುತ್ತದೆಯೇ? ಮಾವ ನನ್ನ ಸುತ್ತ ಕುಣಿದ, ಅವನ ಹಿಂದೆ ನಾಲ್ವರು. ಅಂಚಿನ ಕಡೆ ಹೋದಾಗಲೆಲ್ಲ ಹಗ್ಗ ಜಗ್ಗಿದೆ. ಜಗ್ಗಿದಾಗಲೆಲ್ಲ ಜನ ಹೋ ಎಂದರು. ಒಬ್ಬ ಹೆಂಗಸು ಎದ್ದು ನಿಂತು, "ಲಾಗು ಅಕ್ಕಾ, ಎಳಿ! ಬಿಡಬೇಡ ಅವನ್ನ!" ಎಂದು ಕಿರುಚಿದಳು. ಗಂಡಸರು ನಕ್ಕರು, ಹೆಂಗಸರು ಅವರಿಗಿಂತ ಜೋರಾಗಿ ನಕ್ಕರು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಸೀಟಿ ಹೊಡೆದು ಮತ್ತೊಂದು ಸಲ ಆಡಿಸಿದರು.

ಯಜಮಾನರು ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಚಲಪತೀ, ನೀನೇ ಮಾಸ್ಟರ್. ಆದ್ರೆ ಈ ಅಮ್ಮನೂ ಬರ್ಬೇಕು. ಈಯಮ್ಮ ಇಲ್ದಿದ್ರೆ ಐಟಮ್ಮೇ ಇಲ್ಲ" ಎಂದರು. ನನಗೆ ಸಿಟ್ಟು ಬಂತು. "ಏನ್ ಸಾಮಿ, ನಾಕು ಜನರ ಮುಂದೆ ಕಂಬದಂಗೆ ನಿಂತ್ಕೊಳೋದೂ ಒಂದು ಕೆಲ್ಸಾನಾ? ನಮ್ಮನೇಲಿ ರಾಗಿ ಯಾರು ತುಳಿಸ್ತಾರೆ? ನಾನು ಬರಲ್ಲ" ಎಂದೆ. "ನಾಳೆ ಮಧ್ಯಾಹ್ನದವರೆಗೂ ಕೋಲಾರದಲ್ಲಿ ಇರ್ತೀವಿ. ಬರದಿದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದು ಹೊರಟರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾವ ಅಲುಗಾಡದೆ ಕೂತಿದ್ದ. ಬಾ ಎಂದು ಒಂದು ಮಾತು ಕೇಳಲಿಲ್ಲ. ಮದುವೆಯಾದಾಗಿನಿಂದ ನಾನು ಬೇಡಿದ್ದು ಅದನ್ನೇ, ಅವನು ಒಂದು ಕಡೆ ಸುಮ್ಮನೆ ಕೂರುವುದನ್ನು. ಸಿಕ್ಕಾಗ ನೋಡಲು ಚೆನ್ನಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಕಣದಲ್ಲಿ ರಾಗಿ ತೆನೆ ಹರಡಿ, ಎತ್ತುಗಳನ್ನು ಮೇಟಿಗೆ ಕಟ್ಟಿ ಹೊಡೆದೆ. ಅವು ಸುತ್ತಿದವು. ನಾನು ಹಗ್ಗ ಜಗ್ಗಿದೆ. ಯಾರೂ ನಗಲಿಲ್ಲ. ಇನ್ನೊಮ್ಮೆ ಜಗ್ಗಿದೆ. ಬೇಲಿಯ ಮೇಲೆ ಒಂದು ಕಾಗೆ ಕೂತಿತ್ತು, ಅದೂ ಎದ್ದು ಹೋಯಿತು. ಒಂದು ಎತ್ತು ನಿಂತು ಸಗಣಿ ಹಾಕಿತು. ಹಗ್ಗವನ್ನು ತಾತನ ಕೈಗೆ ಕೊಟ್ಟು ಮನೆಗೆ ಬಂದೆ. ಮಾವ ಮಿಂಚಿನ ಅಂಗಿಯಲ್ಲೇ ಮುಸುಕು ಹಾಕಿ ಮಲಗಿದ್ದ. ಕಾಲಿನಿಂದ ತಿವಿದು ಎಬ್ಬಿಸಿದೆ.

"ಏಳು ಮಾವ, ಕೋಲಾರದ ಬಸ್ಸು ಹೋಗ್ತದೆ. ಮುಂದಿನ ಪ್ರೋಗ್ರಾಮಲ್ಲಿ ನನ್ನನ್ನ ಇನ್ನೊಂಚೂರು ಮುಂದೆ ನಿಲ್ಲಿಸ್ಬೇಕು ಅಂತ ಆಯಪ್ಪನಿಗೆ ಹೇಳು. ಹಿಂದಿನ ಸಾಲಿನವರಿಗೆ ನಾನು ಕಾಣ್ತಿರಲಿಲ್ಲ."