ಐದು ದಿನದ ಬಾಕಿ ಕಡತ

ಹೊಟ್ಟೆಯ ವಿಷಯ ಹೊರಗೆ ಬಿಡಬಾರದು ಎನ್ನುತ್ತಾರೆ. ನನ್ನ ಹೊಟ್ಟೆಯ ವಿಷಯವೋ, ಹೊರಗೆ ಬರುವುದೇ ಇಲ್ಲವೆಂದು ಹಟ ಹಿಡಿದು ಆಗಲೇ ಮೂರು ದಿನವಾಗಿತ್ತು.

ತಪ್ಪೆಲ್ಲ ಮಾವನವರದು. ಮನೆಗಿರುವುದು ಒಂದೇ ಪಾಯಿಖಾನೆ. ನನಗೆ ಕರೆ ಬರುವ ಹೊತ್ತಿಗೆ ಸರಿಯಾಗಿ ಅವರು ಪೇಪರ್ ಸಮೇತ ಒಳಗೆ ವಿರಾಜಮಾನರಾಗುತ್ತಾರೆ (ಪದಬಂಧ ತುಂಬದೆ ಈಚೆ ಬಂದ ದಾಖಲೆಯಿಲ್ಲ). ನಾನು ತಡೆದುಕೊಂಡು ಆಫೀಸಿಗೆ ಓಡುತ್ತೇನೆ. ಡಾಕ್ಟರು ಮಾತ್ರ ನನ್ನನ್ನೇ ಗದರಿದರು.

"ನೀರು ಕುಡಿಯಲ್ಲ, ಸೊಪ್ಪು, ಹಣ್ಣು ಮುಟ್ಟಲ್ಲ, ಇಡೀ ದಿನ ಕುರ್ಚಿ ಬಿಟ್ಟು ಏಳಲ್ಲ, ಬಂದಾಗ ಹೋಗಲ್ಲ. ಅದು ತಾನೇ ಏನ್ಮಾಡ್ಬೇಕು ಪಾಪ?"

ಅಂದಿನಿಂದ ಹೆಂಡತಿ ಸಮರಾಂಗಣಕ್ಕೆ ಇಳಿದಳು. ಲೋಟಗಟ್ಟಲೆ ನೀರು, ಪರಂಗಿಹಣ್ಣು, ಬೀದಿಯುದ್ದ ನಡಿಗೆ. ಮಕ್ಕಳೆದುರು ಕೇಳಲು ನಾಚಿಕೆಯೆಂದು ನನ್ನ ಗುಮಾಸ್ತಗಿರಿಯ ಮಾತನ್ನೇ ಎರವಲು ಪಡೆದಳು.

"ರೀ, ಕಡತ ವಿಲೇವಾರಿ ಆಯ್ತಾ?"

"ಇಲ್ವೇ, ಇನ್ನೂ ಪರಿಶೀಲನೆಯಲ್ಲಿದೆ."

ಐದನೆಯ ದಿನ ಆಫೀಸಿಗೆ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಹೆಡ್ ಕ್ಲರ್ಕ್ ಹುದ್ದೆ ನನಗೋ, ಪಕ್ಕದ ಮೇಜಿನ ಬೋಳುತಲೆಯವನಿಗೋ ಎಂದು ಅಂದೇ ತೀರ್ಮಾನ. ನಾನು ಇದಕ್ಕಾಗಿ ಹನ್ನೆರಡು ವರ್ಷ ಕಾದಿದ್ದೆ. ಆಗಲೇ ನನ್ನ ಮೇಜಿನ ಫೋನ್ ಬಡಿದುಕೊಂಡಿತು. ಪಕ್ಕದಲ್ಲೇ ನಿಂತಿದ್ದ ಸಾಹೇಬರೇ ಸ್ಪೀಕರ್ ಒತ್ತಿದರು.

"ರೀ, ಕಡತ ಇವತ್ತಾದ್ರೂ ಹೊರಗೆ ಬಂತಾ?" ನನ್ನವಳ ದನಿ.

"ಯಾವ ಕಡತಮ್ಮ? ನಾನು ಇವರ ಮೇಲಧಿಕಾರಿ."

"ಹಾಗಾದ್ರೆ ನೀವಾದ್ರೂ ಬುದ್ಧಿ ಹೇಳಿ ಸಾರ್! ಐದು ದಿನದಿಂದ ಒಳಗೇ ಇಟ್ಕೊಂಡು ಕೂತಿದ್ದಾರೆ. ಒತ್ತಡ ಬಂದ್ರೂ ಬಿಡಲ್ಲ."

"ಒತ್ತಡಕ್ಕೆ ಮಣೀಬಾರದಮ್ಮ!"

"ಅಯ್ಯೋ, ಮಣೀಲೇಬೇಕು ಅಂತ ಡಾಕ್ಟ್ರೇ ಹೇಳಿದಾರೆ!"

ಆ ಕ್ಷಣಕ್ಕೇ ನೀರು, ಹಣ್ಣು, ನಡಿಗೆ ಮೂರೂ ಒಟ್ಟಾಗಿ ಫಲ ಕೊಟ್ಟವು. ನಾನು ಬಾಗಿಲಿಗೆ ಧಾವಿಸಿದೆ. ಸಾಹೇಬರು ಅಡ್ಡ ನಿಂತರು.

"ಕಡತ ವಿಲೇವಾರಿ ಮಾಡದೆ ಕದಲೋ ಹಾಗಿಲ್ಲ!"

"ಅದಕ್ಕೇ ಹೊರಟಿದ್ದೀನಿ ಸಾರ್!"

"ನನ್ನ ಕಣ್ಣೆದುರೇ ಆಗ್ಲಿ!"

"ಬೇಡಿ ಸಾರ್, ಕಾಲಿಗೆ ಬೀಳ್ತೀನಿ!" (ಬಗ್ಗುವುದೂ ಅಪಾಯವಾಗಿತ್ತು.)

ಅವರ ತೋಳಿನಡಿ ನುಸುಳಿ ಓಡಿದೆ. ಹತ್ತು ನಿಮಿಷ ಬಿಟ್ಟು ಹೂವಿನಷ್ಟು ಹಗುರಾಗಿ ಮರಳಿದರೆ ಇಡೀ ಆಫೀಸು ನನ್ನನ್ನೇ ನೋಡುತ್ತಿದೆ. ಅಷ್ಟರಲ್ಲಿ ನನ್ನವಳು ಸ್ಪೀಕರಿನಲ್ಲೇ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಸಾಹೇಬರು ಬೋಳುತಲೆಯವನ ಕೈ ಕುಲುಕುತ್ತಿದ್ದರು. "ಸ್ವಂತ ಕಡತಾನೇ ಐದು ದಿನ ತಡೆದಿಟ್ಕೊಳ್ಳೋರ ಕೈಗೆ ಜನರ ಕಡತ ಹೇಗ್ರೀ ಕೊಡೋದು?"

ಫೋನಿನಿಂದ ಆತಂಕದ ದನಿ ಬಂತು. "ರೀ, ಹೋಯ್ತಾ?"

"ಹೋಯ್ತು ಕಣೇ," ಎಂದೆ. "ಎರಡೂ."