ತಂತ್ರಜ್ಞಾನ ಮೊದಲೋ, ಸಮಾಜ ಮೊದಲೋ

ಊರಿನ ಎಸ್‌ಟಿಡಿ ಬೂತುಗಳ ಮುಂದೆ ಇನ್ನೂ ಸಾಲು ನಿಲ್ಲುತ್ತಿದ್ದ ಕಾಲ. ನಾನು ಕೂಡ್ಲಿಗಿಯಲ್ಲಿ ಸಮಾಜಶಾಸ್ತ್ರದ ಅಧ್ಯಾಪಕ. ಬೇರೆ ಬೇರೆ ವಿಭಾಗಗಳು ಕೂಡಿ ನಡೆಸುವ ಹೊಸ ಕೋರ್ಸಿಗೆ ಪ್ರಸ್ತಾವನೆ ಕಳಿಸಿ ಎಂದು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಈ ಕೆಲಸಕ್ಕೆ ನನಗಿಂತ ಯೋಗ್ಯರು ಇಡೀ ತಾಲ್ಲೂಕಿನಲ್ಲಿ ಇಲ್ಲವೆಂಬುದರ ಬಗ್ಗೆ ನನಗೆ ಸಂಶಯವಿರಲಿಲ್ಲ.

ನಮ್ಮ ಕಾಲೇಜಿನಲ್ಲೇ ಭೌತಶಾಸ್ತ್ರ ಹೇಳುವ ಕೊಟ್ರೇಶಪ್ಪನವರನ್ನು ಜೊತೆಗೆ ಸೇರಿಸಿಕೊಂಡೆ. ಬೋರ್‌ವೆಲ್ ನೀರನ್ನು ಹೇಗೆ ಎತ್ತುತ್ತದೆಂದು ಅವರು ಹೇಳುವುದು; ಅದು ಬಂದ ಮೇಲೆ ಬಾವಿಕಟ್ಟೆಯ ಹೆಂಗಸರ ಮಾತುಕತೆ ಎಲ್ಲಿಗೆ ಹೋಯಿತೆಂದು ನಾನು ಹೇಳುವುದು. ತಿಂಗಳಲ್ಲಿ ಪಾಠಪಟ್ಟಿ ಮುಗಿಯಿತು. ಸೇರುತ್ತೇವೆಂದು ಮಕ್ಕಳು ಹೆಸರೂ ಕೊಟ್ಟರು. ಕೋರ್ಸಿನ ಹೆಸರೊಂದು ಬಾಕಿ ಇತ್ತು. ‘ಸಮಾಜ ಮತ್ತು ತಂತ್ರಜ್ಞಾನ’ ಎಂದು ಬರೆದೆ.

“ತಂತ್ರಜ್ಞಾನ ಮೊದಲು ಬರ್ಲಿ ಸರ. ಯಂತ್ರ ಇಲ್ಲದ ಈ ಕೋರ್ಸ್ ಎಲ್ಲೈತಿ?” ಎಂದರು ಕೊಟ್ರೇಶಪ್ಪ.

“ಮಂದಿ ಇಲ್ಲದ ಯಂತ್ರ ಎಲ್ಲೈತ್ರಿ?” ಎಂದೆ.

ಅವರು ಎದ್ದು ಹೋದರು. ನಾನು ಕರೆಯಲಿಲ್ಲ.

ಮನೆಯಲ್ಲಿ ಹೆಂಡತಿ ಕೇಳಿದಳು, “ಹೆಸರು ಹಿಂದ ಮುಂದ ಆದ್ರ ಏನಾತ್ರಿ? ಪಾಠ ಅವೇ ಅಲ್ಲೇನು?”

“ಇದು ನಿನಗ ತಿಳಿಯಂಗಿಲ್ಲ.”

“ನನಗ ತಿಳೀತೈತಿ. ನಿಮ್ಮಿಬ್ರಿಗೇ ತಿಳೀವಲ್ದು.”

ಅದೇ ಸಿಟ್ಟಿನಲ್ಲಿ, ನನ್ನೊಬ್ಬನದೇ ಸಹಿ ಹಾಕಿ ಪ್ರಸ್ತಾವನೆಯನ್ನು ಅಂಚೆಗೆ ಹಾಕಿದೆ.

ವಿಶ್ವವಿದ್ಯಾಲಯ ಕರೆದ ಸಂದರ್ಶನಕ್ಕೆ ಹೋದರೆ ಕೊಟ್ರೇಶಪ್ಪನವರು ಅಲ್ಲಿಯೇ ಕುಳಿತಿದ್ದರು. ಹೆಸರನ್ನಷ್ಟೇ ಹಿಂದುಮುಂದು ಮಾಡಿ ಅದೇ ಪ್ರಸ್ತಾವನೆಯನ್ನು ಅವರೂ ಕಳಿಸಿದ್ದರು! ಸಮಿತಿಯ ಅಧ್ಯಕ್ಷೆ ಎರಡೂ ಫೈಲನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದರು.

“ಎರಡರಾಗೂ ಕಾಗುಣಿತದ ತಪ್ಪು ಸೈತ ಒಂದೇ ಕಡೆ ಅದಾವಲ್ರಿ. ಇದರಾಗ ನಿಮ್ದು ಯಾವುದು?”

“ಎರಡೂ ನಂದೇ ರಿ,” ಎಂದೆವು ಇಬ್ಬರೂ ಒಟ್ಟಿಗೆ. ನಮ್ಮ ನಡುವೆ ಉಳಿದಿದ್ದ ಒಮ್ಮತ ಅದೊಂದೇ.

“ವಿಭಾಗ ಎರಡು ಕೂಡಿಸ್ರಿ ಅಂದ್ರ, ಇದ್ದೊಂದು ಕೋರ್ಸನ್ನ ಎರಡು ಮಾಡಿಕೊಂಡು ಬಂದೀರಿ,” ಎಂದರು ಅಧ್ಯಕ್ಷೆ.

ನನ್ನ ಮೈ ಉರಿಯಿತು. ಸಮಾಜವೇ ಏಕೆ ಮೊದಲೆಂದು ಎದ್ದು ನಿಂತು ಸುದೀರ್ಘ ಉಪನ್ಯಾಸ ಮಾಡಿದೆ. ನಾನು ಕುಳಿತೊಡನೆ ಕೊಟ್ರೇಶಪ್ಪನವರು ಎದ್ದರು. ಅವರು ಮುಗಿಸುವಷ್ಟರಲ್ಲಿ ಸಮಿತಿ ಎರಡೂ ಫೈಲನ್ನು ಮುಚ್ಚಿತ್ತು.

ಹೆಸರು ಕೊಟ್ಟ ಮಕ್ಕಳಿಗೆ ಏನು ಹೇಳುವುದೆಂಬ ಯೋಚನೆ ನನಗೆ ಬಂದದ್ದು ಬಸ್‌ಸ್ಟ್ಯಾಂಡಿನಲ್ಲಿ. ಕೂಡ್ಲಿಗಿಗೆ ಇದ್ದದ್ದು ಒಂದೇ ಬಸ್ಸು. ಅದರಲ್ಲಿ ಖಾಲಿ ಇದ್ದದ್ದು ಇಬ್ಬರು ಕೂರುವ ಒಂದೇ ಸೀಟು.

“ಕೂಡ್ರಿ ಸರ, ಇಬ್ರಿಗೂ ಜಾಗ ಐತಿ,” ಎಂದ ಕಂಡಕ್ಟರ್.

ನಾವು ಸಮಾಜದ ಬಗ್ಗೆ ಪಾಠ ಹೇಳಲು ಹೊರಟವರು. ಕೂಡ್ಲಿಗಿಯವರೆಗೂ ಇಬ್ಬರೂ ನಿಂತೇ ಬಂದೆವು.