ಕನ್ನಡಿಯಲ್ಲಿ ಬಿಳಿ ಕೋಟು

ಗುಮಾಸ್ತ ಹಳೆಯದೊಂದು ಕಾರು ಕೊಂಡು ಡ್ರೈವಿಂಗ್ ಕಲಿಯಲು ಹೊರಟಿದ್ದು ಹಲ್ಲಿನ ಡಾಕ್ಟರಿಂದ ತಪ್ಪಿಸಿಕೊಳ್ಳಲು. ಪಕ್ಕದ ಮನೆಯ ಡಾಕ್ಟರು ಒಳ್ಳೆಯವರೇ; ದಿನಾ ತಮ್ಮ ಕಾರಿನಲ್ಲೇ ಅವನನ್ನು ಆಫೀಸಿಗೆ ಬಿಡುತ್ತಿದ್ದರು. ಆದರೆ ದಾರಿಯುದ್ದಕ್ಕೂ ತಾವು ಕಿತ್ತ ಹಲ್ಲುಗಳ ಕತೆಯನ್ನು ಬೇರುಸಮೇತ ಹೇಳುತ್ತಿದ್ದರು. ಗುಮಾಸ್ತ ಕಣ್ಣು ಮುಚ್ಚಿ, ನಿದ್ದೆ ಬಂದವನಂತೆ ನಟಿಸಿ ಕಾಲ ತಳ್ಳುತ್ತಿದ್ದ.

ಗೇರು, ಕ್ಲಚ್ಚು ಬೇಗ ಒಲಿದವು. ದೂರದ ಅಂದಾಜು ಮಾತ್ರ ಒಲಿಯಲಿಲ್ಲ. "ಮುಂದಿನ ಗಾಡಿ ಟೈರು ನೆಲಕ್ಕೆ ತಾಗಿರೋದು ಕಾಣೋ ಹಾಗೆ ನಿಲ್ಲಿಸಿ," ಎಂದು ಕಲಿಸುವ ಮೇಡಂ ಹೇಳಿದರೆ, ಇವನು ಬಿಟ್ಟ ಜಾಗದಲ್ಲಿ ಲಾರಿಯೊಂದು ಬಂದು ಆರಾಮಾಗಿ ನಿಂತುಕೊಂಡಿತು. ರಿವರ್ಸ್ ಎಂದರೆ ಕಂಬಕ್ಕೆ ಮುತ್ತು.

"ನಿಮಗೊಂದು ಗುರುತು ಬೇಕು ಕಣ್ರೀ," ಎನ್ನುತ್ತ ಡಾಕ್ಟರೇ ಬಿಳಿ ಕೋಟಿನಲ್ಲಿ ಬೀದಿಗಿಳಿದು ಕಾರಿನ ಹಿಂದೆ ನಿಂತರು. "ಕನ್ನಡೀಲಿ ನನ್ನ ಜೇಬು ಕಂಡ್ರೆ ತಿರುಗಿಸಿ. ಕೋಟಿನ ಗುಂಡಿ ಕಂಡ್ರೆ ಬ್ರೇಕು. ಎಣಿಸ್ತಾ ಕೂತ್ಕೋಬೇಡಿ ಮತ್ತೆ!"

ಆಶ್ಚರ್ಯ, ಬೀದಿಯಲ್ಲಿ ಅದು ಫಲಿಸಿತು. ಪರೀಕ್ಷೆಯ ಮೈದಾನದಲ್ಲಿ ಮಾತ್ರ ಕೋಟಿಲ್ಲ, ಕನ್ನಡಿ ತುಂಬ ಬರೀ ಆಕಾಶ. ರಿವರ್ಸಿನಲ್ಲಿ ಕಂಬಗಳ ನಡುವೆ ನಿಲ್ಲಿಸಬೇಕಿತ್ತು; ಎರಡು ಸಲವೂ ಕಂಬ ಉರುಳಿತು.

"ಇನ್ನೊಂದು ಸಲ ಬೀಳಿಸಿದ್ರೆ, ಈ ವರ್ಷ ಇತ್ಲಾಗೆ ತಲೆ ಹಾಕ್ಬೇಡಿ," ಎಂದರು ಇನ್ಸ್‌ಪೆಕ್ಟರು.

ಗುಮಾಸ್ತ ಫೋನ್ ಮಾಡಿದ. "ಡಾಕ್ಟ್ರೇ, ನೀವಿಲ್ದೆ ಆಗ್ತಿಲ್ಲ!"

"ಪೇಶೆಂಟು ಬಾಯಿ ತೆಗ್ದು ಕೂತಿದ್ದಾರಲ್ರೀ... ಇರ್ಲಿ, ತೆಗ್ದೇ ಇರ್ಲಿ. ಬಂದೆ!"

ಆಟೋದಲ್ಲಿ ಬಂದಿಳಿದ ಡಾಕ್ಟರು ಏನೂ ಅರಿಯದವರಂತೆ ಹಿಂದಿನ ಗೋಡೆಗೆ ಒರಗಿದರು. ಕನ್ನಡಿಯಲ್ಲಿ ಜೇಬು ಬಂತು, ಚಕ್ರ ತಿರುಗಿತು. ಗುಂಡಿ ಬಂತು, ಬ್ರೇಕು. ಒಸಡಿನಲ್ಲಿ ಹಲ್ಲು ಕೂತಂತೆ ಕಾರು ಕಂಬಗಳ ನಡುವೆ ಕೂತಿತು.

ಇನ್ಸ್‌ಪೆಕ್ಟರು ಈಚೆ ಸಂದಿನಲ್ಲಿ ಅಂಗೈ ಇಟ್ಟರು, ಆಚೆ ಸಂದಿನಲ್ಲಿಟ್ಟರು. ಎರಡೂ ಕಡೆ ಸರಿಯಾಗಿ ಒಂದೇ ಅಂಗೈ ಅಗಲ. ನಿಧಾನವಾಗಿ ಟೋಪಿ ತೆಗೆದರು. "ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ," ಎಂದರು, ಪಿಸುದನಿಯಲ್ಲಿ. ಗುಮಾಸ್ತ ಕೆಳಗಿಳಿದು, ಬೇರೆ ಯಾರೋ ನಿಲ್ಲಿಸಿದ ಕಾರೆಂಬಂತೆ ಅದನ್ನು ಸುತ್ತು ಹಾಕಿ ಬಂದ. ಈ ಸಲ ಬಾಯಿ ತೆರೆದು ನಿಂತವರು ಡಾಕ್ಟರು.

ಪಾಸು! ಇನ್ನು ಹಲ್ಲಿಲ್ಲ, ಒಸಡಿಲ್ಲ, ಬೇರಿಲ್ಲ. ಗುಮಾಸ್ತ ಕಾರು ಹತ್ತಿ ಹಕ್ಕಿಯಂತೆ ಗೇಟಿನವರೆಗೆ ಬಂದ. ಅಲ್ಲಿ ಆಫೀಸಿನ ಮುಂದಿನ ಇಕ್ಕಟ್ಟು ನೆನಪಾಯಿತು. ಕನ್ನಡಿ ನೋಡಿದ. ಬರೀ ಆಕಾಶ. ಗಕ್ಕನೆ ಬ್ರೇಕು ಹಾಕಿ, ಅಲ್ಲೇ ಆಟೋಗೆ ಕಾಯುತ್ತಿದ್ದ ಡಾಕ್ಟರನ್ನು ಕೂಗಿದ.

"ಡಾಕ್ಟ್ರೇ, ನಾಳೆಯಿಂದ ಆಫೀಸಲ್ಲಿ ಗಾಡಿ ನಿಲ್ಲಿಸೋವಾಗ..."

ಹಿಂದಿನ ಬಾಗಿಲು ತೆರೆದು ಮುಚ್ಚಿತು.

"ಅದನ್ನ ಬೇರೆ ಹೇಳ್ಬೇಕೇನ್ರೀ? ದಿನಾ ಬರ್ತೀನಿ, ನನ್ನ ಕಾರು ಮನೇಲೇ ಇರುತ್ತೆ. ನಿನ್ನೆ ಕತೆ ಎಲ್ಲಿಗೆ ನಿಲ್ಸಿದ್ದೆ? ಹಾಂ, ಆ ಬೇರು ದವಡೆ ಕಚ್ಕೊಂಡು ಬಿಡ್ತಾನೇ ಇಲ್ಲ..."

ಅಭ್ಯಾಸಬಲದಿಂದ ಗುಮಾಸ್ತನ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು.

"ರೀ, ರಸ್ತೆ ನೋಡ್ರೀ!"